ಹೆಸರು ಕೂಗುವ ಹಾಡು

ಬೆಳಗಿನ ಆರು ಹತ್ತು. ಬೊನಿಫಾಸ್ ಲಿಸಾಂಗಾ ಐರ್ಲೆಂಡಿನ ವಾಟರ್‌ಫರ್ಡ್‌ನ ಆಸ್ಪತ್ರೆಯೊಂದರ ಮೂರನೇ ಮಹಡಿ ಒರೆಸುತ್ತಿದ್ದಾರೆ. ಮಾಪ್ ಹಿಂಡುತ್ತಾ ಮೆಲುದನಿಯಲ್ಲಿ ಹಾಡುತ್ತಾರೆ. ನಡುವೆ ಒಮ್ಮೆ "ಫಿಡೆಲ್!" ಎಂದು ಕರೆದು, ಯಾರೋ ಉತ್ತರಿಸುತ್ತಿರುವಂತೆ ತಲೆಯಾಡಿಸುತ್ತಾ ತುಸು ಹೊತ್ತು ನಿಲ್ಲುತ್ತಾರೆ.

"ಪಾಪಾ, ಮಾಪ್ ತಾಳ ತಪ್ತಾ ಇದೆ," ಎನ್ನುತ್ತಾರೆ ಪಾಳಿ ಮುಗಿಸಿ ಹೊರಟ ಮೈಸೂರಿನ ನರ್ಸ್ ಶರ್ಮಿಳಾ.

"ನನ್ನ ಡ್ರಮ್ಮರ್‌ಗಿಂತ ವಾಸಿ ಕಣಮ್ಮ. ಇದು ಕುಡಿದು ಬರಲ್ಲ."

ಬೊನಿಫಾಸ್‌ಗೆ ಅರವತ್ತೈದು. ಹುಟ್ಟೂರು ಕಾಂಗೋದ ಕಿಸಂಗಾನಿ. ಎಂಬತ್ತರ ದಶಕದಲ್ಲಿ ಅಲ್ಲಿನ ನದಿ ದೋಣಿಗಳಲ್ಲೆಲ್ಲ ಅವರ 'ಎಲಿಕಿಯಾ' ಬ್ಯಾಂಡಿನ ಕ್ಯಾಸೆಟ್ಟೇ. ಹನ್ನೊಂದು ಮಂದಿ ವಾದ್ಯಗಾರರು. ಕೊನೆಯ ಹಾಡಿನಲ್ಲಿ ನಾಯಕರಾದ ಬೊನಿಫಾಸ್ ಒಬ್ಬೊಬ್ಬರ ಹೆಸರನ್ನೂ ಕೂಗಬೇಕು, ಅವರು ತಮ್ಮ ವಾದ್ಯದಲ್ಲಿ ಓಗೊಡಬೇಕು. ಕ್ಯಾಸೆಟ್ಟಿನಲ್ಲಿ ಅದು ಹದಿನಾರು ನಿಮಿಷ. ಹಾಡು ನಾಲ್ಕೇ ನಿಮಿಷದ್ದು, ಉಳಿದ ಹನ್ನೆರಡೂ ಹೆಸರುಗಳದ್ದು.

ಬ್ಯಾಂಡಿಗೆ ಇನ್ನೊಂದು ಕಟ್ಟುಪಾಡೂ ಇತ್ತು. "ಸತ್ತವರ ಹೆಸರು ಕೂಗಬಾರದು. ಪಾಪ, ಅವರು ಹೇಗೆ ಓಗೊಡ್ತಾರೆ?"

ಯುದ್ಧದಲ್ಲಿ ಮೂವರು ಹೋದರು. ಆಮೇಲೆ ಜ್ವರ, ಸಕ್ಕರೆ ಕಾಯಿಲೆ, ಒಂದು ಲಾರಿ ಅಪಘಾತ ಇನ್ನೂ ಏಳು ಮಂದಿಯನ್ನು ಒಯ್ದವು. ಬೊನಿಫಾಸ್ ಐರ್ಲೆಂಡಿಗೆ ಬಂದು ಇಪ್ಪತ್ತೆರಡು ವರ್ಷ, ಈ ಕೆಲಸಕ್ಕೆ ಸೇರಿ ಹತ್ತೊಂಬತ್ತು. ದಿನಕ್ಕೆ ಇಪ್ಪತ್ತೆಂಟು ಕೋಣೆ, ಹದಿನಾಲ್ಕು ಶೌಚಾಲಯ. "ದಿನಾ ಹಾಡು ಕೇಳ್ತಿದ್ವಿ. ಸ್ಟೇಡಿಯಂ ತುಂಬಿಸ್ತಿದ್ದೋರು ಅಂತ ಗೊತ್ತಾಗಿದ್ದು ಮೊನ್ನೆ," ಎನ್ನುತ್ತಾರೆ ಶರ್ಮಿಳಾ.

ಆ ಹನ್ನೊಂದು ಮಂದಿಯಲ್ಲಿ ಈಗ ಉಳಿದಿರುವುದು ಗಿಟಾರಿನ ಫಿಡೆಲ್ ಒಬ್ಬರೇ. ಐರ್ಲೆಂಡಿನಲ್ಲೇ ಟ್ಯಾಕ್ಸಿ ಓಡಿಸುತ್ತಿದ್ದವರು, ಶ್ವಾಸಕೋಶದ ಕಾಯಿಲೆಯಿಂದ ಕಿಲ್ಕೆನ್ನಿಯ ಆಸ್ಪತ್ರೆ ಸೇರಿ ಮೂರು ವಾರ. ಬರುವ ಶನಿವಾರ ಬ್ಲಾಂಚರ್ಡ್ಸ್‌ಟೌನ್‌ನ ಸಭಾಂಗಣದಲ್ಲಿ ಕಾಂಗೋದವರ ಕೂಟ. ಇಬ್ಬರೂ ಆ ಹಾಡು ಹಾಡುವುದೆಂದು ಮಾತಾಗಿದೆ. ವೈದ್ಯರು ಹೌದೆಂದೂ ಹೇಳಿಲ್ಲ, ಬೇಡವೆಂದೂ ಹೇಳಿಲ್ಲ.

ಚಹಾ ವಿರಾಮದಲ್ಲಿ ಫಿಡೆಲ್ ಫೋನು. ಉಸಿರು ಕಟ್ಟುತ್ತಿದೆ, ಕೀಟಲೆ ನಿಂತಿಲ್ಲ. "ನನ್ನ ಹೆಸರು ಬೇಗ ಕೂಗೋ, ಸಿಲಿಂಡರ್ ಖಾಲಿಯಾಗೋ ಮೊದ್ಲು."

"ನಾಯಕ ಯಾರೋ? ಯಾವಾಗ ಕೂಗ್ಬೇಕು ಅಂತ ನಂಗೊತ್ತು. ನೀನು ತಂತಿ ಬಿಗಿ ಮಾಡ್ಕೊ."

ಫೋನಿಟ್ಟು ಬೊನಿಫಾಸ್ ಲೋಟ ತೊಳೆಯುತ್ತಾರೆ. ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಾರೆ. ಫಿಡೆಲ್ ಹೇಗಿದ್ದಾರೆ ಎಂದರೆ "ಗ್ರ್ಯಾಂಡ್" ಎನ್ನುತ್ತಾರೆ, ಎಲ್ಲಕ್ಕೂ 'ಚೆನ್ನಾಗಿದೆ' ಎಂದುಬಿಡುವ ಇಲ್ಲಿನವರಂತೆಯೇ. ಆಮೇಲೆ ನಿಧಾನಕ್ಕೆ: "ಹನ್ನೊಂದು ಹೆಸರು ಕೂಗಿದ ಬಾಯಿ ಇದು. ಒಂದಾದ್ರೂ ಉಳಿದಿರ್ಲಿ. ಅಷ್ಟೇ."

ಗುರುವಾರ ಮಧ್ಯಾಹ್ನ ಎರಡು ನಲವತ್ತಕ್ಕೆ ಫಿಡೆಲ್ ತೀರಿಕೊಂಡರು. ಶನಿವಾರ ಬೊನಿಫಾಸ್ ಬ್ಲಾಂಚರ್ಡ್ಸ್‌ಟೌನ್‌ಗೆ ಹೋಗಿ ಹಾಡಿದರು. ಹಾಡು ನಾಲ್ಕು ನಿಮಿಷಕ್ಕೆ ಮುಗಿಯಿತು.