ಬಾಗಿಲು ತೆರೆಸಿದ ದೋನ್ಯಾ ಮಿರಾ

ಟೆಕ್ಸಾಸಿನ ಈ ಗಡಿಕಣಿವೆಯಲ್ಲಿ ನಮ್ಮ ಸ್ಪ್ಯಾನಿಷ್ ಮಾತಿನ ಜನರನ್ನು ರಾಷ್ಟ್ರೀಯ ಜನಗಣತಿಗೆ ಒಲಿಸಿದ ಕೆಲಸಕ್ಕೆ ಒಂದು ಚರಿತ್ರೆ ಬರೆದರೆ, ಅದರ ಮೊದಲ ಪುಟದಲ್ಲಿ ಮಾನ್ಯ ಎಡೆಲ್ಮಿರಾ ಸಾಂಬ್ರಾನೊ ಅವರ ಹೆಸರು ಇರಲೇಬೇಕು. ನಾವೆಲ್ಲ ದೋನ್ಯಾ ಮಿರಾ ಎಂದು ಗೌರವದಿಂದ ಕರೆಯುವ ಈ ಹಿರಿಯರು ನಿವೃತ್ತರಾಗುತ್ತಿರುವ ಸಂದರ್ಭದಲ್ಲಿ, ಅವರೊಡನೆ ಬೀದಿ ಅಲೆದ ನಾನು ಸಂತೋಷಪಡಬೇಕು. ನಿಜ ಹೇಳಬೇಕೆಂದರೆ ಮನಸ್ಸು ಬಿಕೋ ಎನ್ನುತ್ತಿದೆ.

ಮಂಡಿಯಲ್ಲಿ ಈರುಳ್ಳಿ ಆರಿಸುತ್ತಿದ್ದ ಅವರು ತೊಂಬತ್ತರ ಗಣತಿಯಲ್ಲಿ ಪಾದ್ರಿಗಳ ಮಾತಿಗೆ ಕಟ್ಟುಬಿದ್ದು ಈ ಕೆಲಸಕ್ಕಿಳಿದರು. ಆಗ ನಮ್ಮ ಬಡಾವಣೆಗಳಲ್ಲಿ ಡಾಂಬರಿರಲಿಲ್ಲ, ಚರಂಡಿಯಿರಲಿಲ್ಲ. ಕಾಗದ ಹಿಡಿದು ಬಂದವರೆಲ್ಲ ವಲಸೆ ಪೊಲೀಸರೇ ಎಂಬ ಭಯ ಮಾತ್ರ ಧಾರಾಳವಾಗಿತ್ತು. ಎಣಿಕೆಗೆ ಸಿಗದ ಊರಿಗೆ ಆಸ್ಪತ್ರೆಯೂ ಸಿಗದೆಂದು ಅವರು ಚರ್ಚಿನಂಗಳದಲ್ಲಿ, ಬಟ್ಟೆ ಒಗೆಯುವ ಅಂಗಡಿಯಲ್ಲಿ, ಮದುವೆಯೂಟದ ಪಂಕ್ತಿಯಲ್ಲಿ ಹೇಳುತ್ತಲೇ ಹೋದರು. ನಾನು ಸೇರಿದ ವರ್ಷ ನನ್ನ ಹರಿದ ಬೂಟು ಕಂಡು, ತೀರಿಹೋದ ತಮ್ಮ ಅಣ್ಣನ ಬೂಟು ತಂದುಕೊಟ್ಟರು.

ಭಯಕ್ಕಿಂತ ಹೆಚ್ಚು ಕಾಟ ಕೊಟ್ಟದ್ದು ಒಂದು ಮಾತು. ಗಂಡ ಮನೆಯಲ್ಲಿಲ್ಲದಾಗ ಬಾಗಿಲು ತಟ್ಟಿದರೆ ನಮ್ಮ ಹೆಂಗಸರು ಒಳಗಿಂದಲೇ ಯಾರೂ ಇಲ್ಲ ಎಂದುಬಿಡುತ್ತಾರೆ. ಎರಡು ಸಾವಿರದ ಹತ್ತರ ವಸಂತದಲ್ಲಿ ಎಲೋಯ್ಸಾ ಎಂಬಾಕೆಯೂ ಹಾಗೇ ಅಂದಳು.

"ಯಾರೂ ಇಲ್ಲ!"

"ಮತ್ತೆ ಮಾತಾಡ್ತಿರೋದು ಯಾರೇ ತಾಯಿ, ಬಾಗಿಲಾ?" ದೋನ್ಯಾ ಮಿರಾ ಕೇಳಿದರು.

"ಗಂಡಸ್ರು ಯಾರೂ ಇಲ್ಲ ಅಂದೆ."

"ಸದ್ಯ! ಅವ್ರಿದ್ದಿದ್ರೆ ನಂಗೊಂದು ಲೋಟ ಕಾಫಿನೂ ಹುಟ್ತಿರ್ಲಿಲ್ಲ."

ಬಾಗಿಲು ತೆರೆಯಿತು, ಕಾಫಿಯೂ ಬಂತು. ಮನೆಯಲ್ಲಿ ಎಷ್ಟು ಜನ ಎಂದಾಗ ಎಲೋಯ್ಸಾ ಇಬ್ಬರು ಎಂದಳು: ತಾನು ಮತ್ತು ಗಂಡ ತ್ರಿನಿದಾದ್. ಟೊಮೆಟೊ ಕೊಯ್ಲಿಗೆಂದು ಒಹಾಯೊಗೆ ಹೋಗಿದ್ದ ಅವನಿಂದ ವರ್ಷಗಳಿಂದ ಒಂದು ಫೋನೂ ಇರಲಿಲ್ಲ. ಯಾರು ಎಲ್ಲಿ ವಾಸವೋ ಅಲ್ಲೇ ಎಣಿಕೆ ಎಂಬುದು ಗಣತಿಯ ನಿಯಮ. ಅದನ್ನು ಹೇಳದೆ ವಿಧಿಯಿಲ್ಲ. ಹೇಳಿದರೆ ಆಕೆ ಗಂಡನನ್ನು ತನ್ನ ಕೈಯಾರೆ ಮನೆಯಿಂದ ಹೊರಗೆ ಹಾಕಿದಂತೆ. ದೋನ್ಯಾ ಮಿರಾ ಮೆಲ್ಲಗೆ ಹೇಳಿದರು.

"ಅವ್ರನ್ನ ಬಿಟ್ರೆ ನಾನು ಒಬ್ಳೇ ಅಂತಾಯ್ತಲ್ಲ," ಎಂದಳು ಎಲೋಯ್ಸಾ.

"ಹೂಂ ಕಣಮ್ಮ. ನಮ್ಮನೇದೂ ಹಾಗೇ, ಒಬ್ಳೇ ಅಂತ ಬರ್ದಿದೀನಿ. ಬರೆಯೋ ತನಕ ಕಷ್ಟ. ಆಮೇಲೂ ಕಷ್ಟಾನೇ. ಆದ್ರೆ ನೀನು ಇದೀಯ ಅಂತಾದ್ರೂ ಆಗುತ್ತೆ."

ಎಲೋಯ್ಸಾ ಏಪ್ರನ್ನಿನ ಅಂಚು ತಿರುಚಿದಳು. "ಅಲ್ಲಿ ಅವ್ರನ್ನ ಯಾರಾದ್ರೂ ಎಣಿಸಿರ್ತಾರಾ?"

"ಎಣಿಸಿರ್ತಾರೆ," ಅಂದರು ದೋನ್ಯಾ ಮಿರಾ. ಗೊತ್ತಿಲ್ಲದ್ದನ್ನು ಗೊತ್ತೆಂದು ಅವರು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಹಾಗಾದ್ರೆ ಒಬ್ಳು ಅಂತ ಬರೀರಿ."

ಆ ದಿನ ದೋನ್ಯಾ ಮಿರಾ ನನ್ನನ್ನು ಮುಂದಿನ ಬೀದಿಗೆ ಅಟ್ಟಿ, ತಾವು ಅಲ್ಲೇ ಉಳಿದು, ಎಲೋಯ್ಸಾ ಜೊತೆ ರೊಟ್ಟಿ, ಬೇಯಿಸಿದ ಕಾಳು ಉಂಡು, ಪಾತ್ರೆ ತೊಳೆದಿಟ್ಟು ಬಂದರು. ಸಂಜೆ ನಾನು ಅವರ ಮನೆಯವರೆಗೂ ಜೊತೆಗೆ ನಡೆದೆ. ಬಾಗಿಲ ಬೀಗ ತೆಗೆಯುತ್ತ, "ಲೆಕ್ಕವೇನೋ ಸರಿಯಾಯ್ತು ಕಣಯ್ಯ," ಎಂದು ಒಳಗೆ ಹೋದರು. ದೀಪ ಹಾಕಲು ಆ ಮನೆಯಲ್ಲಿ ಇನ್ನೊಬ್ಬರಿರಲಿಲ್ಲ.

ದೇವರು ಅವರಿಗೆ ದೀರ್ಘಾಯುಸ್ಸನ್ನೂ ಗಟ್ಟಿ ಮೊಣಕಾಲನ್ನೂ ಕೊಡಲಿ. ನಿವೃತ್ತಿಯ ನೆಪದಲ್ಲಿ ಅವರು ಮನೆ ಹಿಡಿಯದಿರಲಿ. ಮತ್ತು ಒಹಾಯೊದ ಯಾವುದೋ ಬಾಡಿಗೆ ಕೋಣೆಯಲ್ಲಿ ತ್ರಿನಿದಾದ್ ಇದ್ದುದೇ ಆದರೆ, ಅವನ ಬಾಗಿಲನ್ನೂ ಇಂಥವರೊಬ್ಬರು ತಟ್ಟಿರಲಿ, ಅವನು ತೆರೆದಿರಲಿ.