ಕೆಡದ ಸೈಕಲ್ಲು

ಸಂಜೆ ಆರರಿಂದ ಎಂಟರವರೆಗಿನ ಹೊತ್ತನ್ನು ಹುಟ್ಟಿಸಿದ ಪುಣ್ಯಾತ್ಮ ಯಾರೋ, ಕೈಗೆ ಸಿಕ್ಕರೆ ಎರಡು ಬಾರಿಸಿ ಕಳಿಸುತ್ತೇನೆ. ಬೆಳಗಿನ ಗಡಿಬಿಡಿಯಲ್ಲಿ ಮನುಷ್ಯ ಹೇಗೋ ಪಾರಾಗುತ್ತಾನೆ. ಹಾಲು ಕಾಯಿಸಬೇಕು, ಬುತ್ತಿ ಕಟ್ಟಿಕೊಳ್ಳಬೇಕು, ಇಳಕಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಮೊಣಕೈಯಿಂದ ತಿವಿಸಿಕೊಂಡು ಹುನಗುಂದದ ಬಸ್ಸಿನಲ್ಲಿ ಸೀಟು ಹಿಡಿಯಬೇಕು. ಹುನಗುಂದದ ನನ್ನ ಸರಕಾರಿ ಕಚೇರಿಯಲ್ಲಿ ಬಂದ ಜನ ನನ್ನನ್ನು ಬೈಯುತ್ತಾರೆ, ನಾನು ಗಣಕಯಂತ್ರವನ್ನು ಬೈಯುತ್ತೇನೆ, ಹೊತ್ತು ಹೋಗುತ್ತದೆ. ರಾತ್ರಿಗೆ ನಿದ್ದೆಯ ಗುಳಿಗೆ ಇದೆ. ಆದರೆ ಸಂಜೆ ಬಂದು ಬೀಗ ತೆಗೆದು ಒಳಗೆ ಕಾಲಿಟ್ಟಾಗ, "ಬಂದ್ನಿ ನೋಡು" ಅಂದರೆ ಕೇಳಲು ಯಾರೂ ಇಲ್ಲ ಎಂಬುದು ನೆನಪಾಗುವ ಹೊತ್ತಿದೆಯಲ್ಲ, ಅದಕ್ಕೆ ಯಾವ ದವಾಖಾನೆಯಲ್ಲೂ ಗುಳಿಗೆ ಕೊಡುವುದಿಲ್ಲ.

ಹೆಂಡತಿ ತೀರಿಕೊಂಡ ಮೇಲಿನ ಮಾತು ಇದು. ನಮಗೆ ಮಕ್ಕಳಿಲ್ಲ. ಮೊದಮೊದಲು ನೆಂಟರು ಬಂದು ಹೋದರು, ಓಣಿಯವರು ರೊಟ್ಟಿ, ಪಲ್ಯ ಕಳಿಸಿದರು. ಆಮೇಲೆ ಅವರವರ ಸಂಸಾರ ಅವರವರಿಗೆ. ಅದರಲ್ಲಿ ತಪ್ಪೇನಿಲ್ಲ, ನಾನೂ ಅವರ ಜಾಗದಲ್ಲಿದ್ದರೆ ಅಷ್ಟೇ ಮಾಡುತ್ತಿದ್ದೆ. ಒಮ್ಮೆ ಎರಡನೇ ಶನಿವಾರವೂ ರವಿವಾರವೂ ಸೇರಿ ರಜೆ ಬಂತು. ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ ಕಂಡಕ್ಟರನಿಗೆ "ಹುನಗುಂದ ಒಂದು" ಅನ್ನಲು ಬಾಯಿ ತೆರೆದರೆ ದನಿಯೇ ಬರಲಿಲ್ಲ. ಕೆಮ್ಮಿ ಕೆಮ್ಮಿ ಹೇಳಬೇಕಾಯಿತು. ಶುಕ್ರವಾರ ಸಂಜೆಯಿಂದ ನಾನು ಒಂದು ಮಾತನ್ನೂ ಆಡಿರಲಿಲ್ಲ. ಅವತ್ತು ನನಗೆ ನಿಜವಾಗಿ ಹೆದರಿಕೆಯಾಯಿತು. ಹೀಗೇ ಬಿಟ್ಟರೆ ಒಂದು ದಿನ ಮಾತೇ ಮರೆತುಹೋದೀತು, ಹೇಗಾದರೂ ಮಾಡಿ ಸಂಜೆ ಮನೆಯಿಂದ ಹೊರಬೀಳಬೇಕು ಎಂದುಕೊಂಡೆ.

ಅದೇ ತಿಂಗಳು ತುಳಸಿಗೇರಿಯಲ್ಲಿ ನೆಂಟರ ಮದುವೆಯಿತ್ತು. ಮುಗಿಸಿಕೊಂಡು ಬಾಗಲಕೋಟೆಗೆ ಬಂದು ನವನಗರದಲ್ಲಿ ಬಸ್ಸಿಗೆ ನಿಂತಿದ್ದಾಗ ಎದುರಿಗೆ ದೊಡ್ಡ ಸೈಕಲ್ಲಿನಂಗಡಿ ಕಂಡಿತು. ಗಾಜಿನ ಹಿಂದೆ ಒಂದು ಮೌಂಟನ್ ಬೈಕು. ಎಮ್ಮೆಯ ಕತ್ತಿನಷ್ಟು ದಪ್ಪ ಟಾಯರು, ಮುಂದೆ ಮೂರು ಹಿಂದೆ ಏಳು ಹಲ್ಲುಗಾಲಿ. "ಇಪ್ಪತ್ತೊಂದು ಗೇರ್ ಅದಾವ್ರಿ. ಬಾದಾಮಿ ಗುಡ್ಡಾ ಬೇಕಾದ್ರೂ ಹತ್ತತೈತಿ" ಎಂದ ಅಂಗಡಿಯವ. ನನಗೆ ಬಾದಾಮಿಯ ಗುಡ್ಡ ಹತ್ತುವ ದರ್ದೇನೂ ಇರಲಿಲ್ಲ. ಮನೆಯ ಹೊಸ್ತಿಲು ದಾಟಿಸಿದರೆ ಸಾಕಿತ್ತು. ಕೊಂಡು, ಬಸ್ಸಿನ ಟಾಪಿಗೇರಿಸಿ ಇಳಕಲ್ಲಿಗೆ ತಂದೆ.

ಓಣಿಯವರಿಗೆ ಹಬ್ಬ. "ಏನ್ರಿ ಸಾಹೇಬ್ರ, ಮಂದಿ ಕೋಲ್ ಹಿಡಿಯೋ ವಯಸ್ಸಿನ್ಯಾಗ ನೀವು ಸೈಕಲ್ ಹಿಡದ್ರಿ!" ಎಂದು ಎದುರು ಮನೆಯ ಮುದುಕ ಕಟ್ಟೆಯ ಮೇಲಿಂದಲೇ ಚೇಷ್ಟೆ ಮಾಡಿದ. ನಾನು ಸಿಟ್ಟಾಗಲಿಲ್ಲ. ಚೇಷ್ಟೆಯೂ ಮಾತೇ ತಾನೆ.

ಆದರೆ ಆ ಸೈಕಲ್ಲು ಇಳಕಲ್ಲಿಗಾಗಿ ಹುಟ್ಟಿದ್ದಲ್ಲ. ನಮ್ಮೂರ ಸೀರೆ ಎಷ್ಟು ಪ್ರಸಿದ್ಧವೋ ನಮ್ಮೂರ ಧೂಳೂ ಅಷ್ಟೇ ಆಗಬೇಕಿತ್ತು. ಕಲ್ಲಿನ ಕಾರ್ಖಾನೆಗಳಲ್ಲಿ ಗ್ರಾನೈಟು ಕೊಯ್ದು ಉಜ್ಜುವಾಗ ಹೊರಬರುವ ರಾಡಿ ರಸ್ತೆಯ ಪಕ್ಕ ಒಣಗುತ್ತದೆ, ಕಲ್ಲು ಹೇರಿದ ಲಾರಿಗಳು ಅದನ್ನು ಎಬ್ಬಿಸುತ್ತವೆ, ಊರಿಗೆ ಊರೇ ಕೂತು ಉಸಿರಾಡುತ್ತದೆ. ಸೈಕಲ್ಲಿನ ಸರಪಳಿಗೆ ಉಸಿರಾಟವೂ ಇಲ್ಲ, ಸೀನೂ ಬರುವುದಿಲ್ಲ. ಸ್ವಲ್ಪ ದಿನಕ್ಕೇ ಕರಕರ ಎನ್ನತೊಡಗಿತು. ಗೇರು ಬದಲಿಸಿದರೆ ಆಗಲೇ ಬೀಳದೆ, ನಾನು ಮರೆತ ಮೇಲೆ ಟಕ್ಕನೆ ಬೀಳುತ್ತಿತ್ತು.

ನಾನು ಒಂದು ಬುದ್ಧಿವಂತಿಕೆ ಮಾಡಿದೆ. ಮನೆಯಲ್ಲಿ ಕುಸುಬಿ ಎಣ್ಣೆಯ ಡಬ್ಬಿಯಿತ್ತು. ಹೆಂಡತಿಯ ತವರು ಬೇವೂರು. ಅಲ್ಲಿಂದ ಗಾಣದ ಎಣ್ಣೆ ಈಗಲೂ ಬರುತ್ತದೆ, ಬೇಡವೆನ್ನಲು ನನಗೆ ಬಾಯಿಲ್ಲ. ಒಬ್ಬನೇ ಉಣ್ಣುವವನಿಗೆ ಎಷ್ಟು ಎಣ್ಣೆ ಬೇಕು? ಹಿಂದೆ ನೋಡನೋಡುತ್ತ ಬರಿದಾಗುತ್ತಿದ್ದ ಡಬ್ಬಿ ಈಗ ಕೂತಲ್ಲೇ ಕೂತಿರುತ್ತದೆ. ನಮ್ಮ ಕಡೆ ಕುಸುಬಿ ಎಣ್ಣೆ ಯಾವುದಕ್ಕಿಲ್ಲ? ಒಗ್ಗರಣೆಗೆ, ತಲೆಗೆ, ಕೂಸಿನ ಮೈಗೆ, ಕಿರುಗುಟ್ಟುವ ಬಾಗಿಲಿಗೆ. ಸರಪಳಿಗೂ ಇರಲಿ ಎಂದು ಧಾರಾಳವಾಗಿ ಸುರಿದೆ. ಎರಡು ದಿನ ಬೆಣ್ಣೆಯಂತೆ ಓಡಿತು. ಆಮೇಲೆ ಎಣ್ಣೆ ಒಣಗಿ ಅಂಟಾಗಿ, ಧೂಳೆಲ್ಲ ಹಿಡಿದುಕೊಂಡು ಕೂತು, ಪೆಡಲು ತುಳಿದರೆ ಗಾಣ ತಿರುಗಿಸಿದಂತಾಯಿತು.

ತಳ್ಳಿಕೊಂಡು ಹೋದದ್ದು ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯ ತಗಡಿನ ಅಂಗಡಿಗೆ. ಅಲ್ಲಿಯ ಮಿಸ್ತ್ರಿ ನೇಕಾರರ ಮನೆಯವನು. ಅವನ ಅಣ್ಣ ಈಗಲೂ ಸೀರೆ ನೇಯುತ್ತಾನೆ. ಇವನು ಮಾತ್ರ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಬೇಸರವಾಗಿ ಸೈಕಲ್ಲಿಗೆ ಬಿದ್ದವನು. ಸರಪಳಿ ಮುಟ್ಟಿ, ಬೆರಳು ಮೂಸಿ, ನನ್ನ ಮುಖ ನೋಡಿದ.

"ಏನ್ ಹಾಕೀರಿ ಇದಕ್ಕ?"

"ಎಣ್ಣಿ."

"ಯಾವ ಎಣ್ಣಿ?"

"ಕುಸುಬಿ ಎಣ್ಣಿ. ಗಾಣದ್ದು. ಭಾಳ ಚೊಲೊ ಎಣ್ಣಿ ಐತಿ."

"ಅಯ್ಯ ಶಿವನ! ಮತ್ತ ಸಾಸಿವಿ, ಜೀರಗಿ, ಕರಿಬೇವು ಯಾಕ ಬಿಟ್ರಿ? ಒಗ್ಗರಣಿ ಪೂರಾ ಆಗ್ತಿತ್ತಲ್ರಿ!"

ನಾನು ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಎಷ್ಟೋ ಕಾಲದ ಮೇಲೆ ನಕ್ಕಿದ್ದರಿಂದ ದವಡೆ ನೋವು ಬಂತು.

ಅಲ್ಲಿಂದ ಶುರುವಾಯಿತು. ಒಂದು ದಿನ ಗೇರು ಜಾರುತ್ತಿತ್ತು, ಇನ್ನೊಂದು ದಿನ ಕೇಬಲ್ಲು ಹರಿಯುತ್ತಿತ್ತು, ಮತ್ತೊಂದು ದಿನ ಬಳ್ಳಾರಿ ಜಾಲಿಯ ಮುಳ್ಳು ಚುಚ್ಚಿ ಪಂಕ್ಚರು. ಪ್ರತಿ ಸಲವೂ ನಾನು ಅಂಗಡಿಯ ಮುಂದಿನ ಸ್ಟೂಲಿನ ಮೇಲೆ. ಎದುರು ಹೋಟೆಲಿನಿಂದ ಚಾ ಬರುತ್ತಿತ್ತು, ಕೆಲವೊಮ್ಮೆ ಗಿರಮಿಟ್ಟು. ಅವನು ಪಾನಾ ಹಿಡಿದು ನಟ್ಟು ತಿರುಗಿಸುತ್ತ ಜಗತ್ತಿನ ಸುದ್ದಿಯನ್ನೆಲ್ಲ ಬೈಯುತ್ತಿದ್ದ. ಪವರ್‌ಲೂಮಿನವರು ಕೈಮಗ್ಗದ ಸೀರೆ ಎಂದು ಸುಳ್ಳು ಹೇಳಿ ಮಾರುವುದು, ಅಣ್ಣನ ಹೆಂಡತಿಯ ಬಾಯಿ, ರಸ್ತೆಯ ಗುಂಡಿ, ಮಳೆ. ನಾನೂ ನಡುನಡುವೆ ದನಿ ಸೇರಿಸಿ ಬೈಯುತ್ತಿದ್ದೆ. ಗೇರು ಸರಿಯಾಗಿಲ್ಲ ಎಂದು ನಾನು ತಕರಾರು ತೆಗೆದರೆ, "ಕುಣೀಲಾರದಾಕಿ ನೆಲಾ ಡೊಂಕ ಅಂದ್ಳಂತ" ಎಂದು ನನಗೇ ಮಂಗಳಾರತಿ ಮಾಡುತ್ತಿದ್ದ. ಮನೆಗೆ ಬರುವಾಗ ಎಂಟು ದಾಟಿರುತ್ತಿತ್ತು. ಖರೆ ಹೇಳಬೇಕೆಂದರೆ, ಕಚೇರಿಯಲ್ಲಿ ಮಧ್ಯಾಹ್ನದ ಹೊತ್ತಿಗೇ ಇವತ್ತು ಸೈಕಲ್ಲಿಗೆ ಏನಾಗಬಹುದು ಎಂದು ಆಸೆಯಿಂದ ಯೋಚಿಸುತ್ತಿದ್ದೆ.

ಬೇಸತ್ತವನು ಮಿಸ್ತ್ರಿ. ಒಂದು ಸಂಜೆ ಪಾನಾ ನೆಲಕ್ಕೆ ಕುಕ್ಕಿದ.

"ಸಾಹೇಬ್ರ, ಇದು ಸೈಕಲ್ ಅಲ್ರಿ, ಆನಿ ಸಾಕಿದಂಗ ಆತು. ಈ ಊರಾಗ ಗೇರ್ ಬಾಳಂಗಿಲ್ಲ. ಎಲ್ಲಾ ಕಿತ್ತು ಒಗದ್ಬಿಡೋಣು. ಮುಂದ ಒಂದ, ಹಿಂದ ಒಂದ. ನಮ್ಮಪ್ಪನ ಸೈಕಲ್‌ಗೆ ಏನಿತ್ತು? ಅದು ಅವ್ನಕಿಂತ ಹೆಚ್ಚ ದಿನ ಬದುಕ್ತು."

"ಹೌದಲ್ಲ!" ಎಂದು ನಾನು ಕುಣಿದು ಒಪ್ಪಿಕೊಂಡೆ. ದಡ್ಡ ಅಂದರೆ ದಡ್ಡ. ಮುಂದಾಗುವುದು ಆಗ ಹೊಳೆಯಲೇ ಇಲ್ಲ.

ಆ ಕೆಲಸ ನಡೆದ ಸಂಜೆಗಳೇ ನನ್ನ ಈ ಕೆಲವು ವರ್ಷಗಳಲ್ಲಿ ಚೆಂದದವು. ಹ್ಯಾಂಡಲಿನ ಗೇರಿನ ಗುಂಡಿಗಳು ಹೋದವು, ಕರುಳಿನಂತೆ ಸುತ್ತಿದ್ದ ಕೇಬಲ್ಲುಗಳು ಹೋದವು, ಸರಪಳಿಯನ್ನು ಅತ್ತಿತ್ತ ಎಳೆದಾಡುತ್ತಿದ್ದ ಕಬ್ಬಿಣದ ಕೊಕ್ಕು ಹೋಯಿತು. ಮುಂದಿನ ಮೂರು ಹಲ್ಲುಗಾಲಿಗಳಲ್ಲಿ ನಡುವಿನದೊಂದನ್ನು ಉಳಿಸಿ, ಹಿಂದೆ ನಮ್ಮ ಸಾದಾ ಸೈಕಲ್ಲಿನ ಫ್ರೀವೀಲು ಕೂರಿಸಿದ. ದಪ್ಪ ಸಾದಾ ಸರಪಳಿ ತಂದ. ಎರಡು ಹಲ್ಲುಗಾಲಿಗಳೂ ಒಂದೇ ಸಾಲಿನಲ್ಲಿರಬೇಕು, ಇಲ್ಲದಿದ್ದರೆ ಸರಪಳಿ ಕಳಚುತ್ತದೆ ಎಂದು ಹಿಂದಿನ ಅಚ್ಚಿಗೆ ವಾಷರು ಹಾಕುವುದು, ಒಂದು ಕಣ್ಣು ಮುಚ್ಚಿ ನೋಡುವುದು, ತೆಗೆಯುವುದು. ನಾನು ಇನ್ನೊಂದು ಕಡೆಯಿಂದ ಕಣ್ಣು ಮುಚ್ಚಿ ನೋಡುತ್ತಿದ್ದೆ. ಸರಪಳಿಯನ್ನು ಒಂದು ಕೊಂಡಿ ಹೆಚ್ಚಿಗೆ ಕತ್ತರಿಸಿ, ಅದು ಮುಟ್ಟದೆ, ಅವನು ತಲೆ ಕೆರೆದುಕೊಂಡಾಗ "ಕೈಮಗ್ಗದಾಗ ಹಿಂಗ ಮಾಡಿದ್ರ ನಿಮ್ಮಪ್ಪ ಏನಂತಿದ್ದ?" ಎಂದು ಕೇಳಿದೆ. "ಬೆನ್ನ ಮ್ಯಾಲ ಸೀರಿ ದಡಿ ನೇಯ್ತಿದ್ದ" ಎಂದ. ಕತ್ತರಿಸಿದ್ದನ್ನು ಮತ್ತೆ ಜೋಡಿಸಿದ. ಬಿಗಿ ಸರಿಯಾಗಿದೆಯೋ ಇಲ್ಲವೋ ನೋಡಲು ಅವನು ಸರಪಳಿಯ ಮೇಲೆ ಬೆರಳಿನ ಹಿಂಬದಿಯಿಂದ ಮೆಲ್ಲಗೆ ಬಡಿಯುತ್ತಿದ್ದ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳನ್ನು ಹಾಗೆ ನೋಡುತ್ತಾರಂತೆ. ಮಗ್ಗ ಬಿಟ್ಟರೂ ಕೈ ಬಿಟ್ಟಿರಲಿಲ್ಲ.

ಪಂಕ್ಚರಿಗೂ ಉಪಾಯವಾಯಿತು. ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ ಟಾಯರಿನ ಒಳಗೆ ಹಾಸಿ, ಅದರ ಮೇಲೆ ಹೊಸ ಟ್ಯೂಬು. ಮುಳ್ಳು ಅಷ್ಟು ಒಳಗೆ ಬರುವುದರೊಳಗೆ ಸೋಲಬೇಕು. ಎಣ್ಣೆ ಕೂಡ ಹೊಲಿಗೆ ಯಂತ್ರಕ್ಕೆ ಹಾಕುವ ತೆಳುವಾದ ಎಣ್ಣೆ, ಅದೂ ಹನಿ ಬಿಟ್ಟು ಅರಿವೆಯಿಂದ ಒರೆಸಿಬಿಡುವುದು. "ಇನ್ನ ನೀವು ನನ್ನ ಮಾರಿ ನೋಡಬೇಕಾಗಿಲ್ಲ" ಎಂದು ಮಿಸ್ತ್ರಿ ಹೆಮ್ಮೆಯಿಂದ ಸೀಟಿಗೆ ತಟ್ಟಿದ.

ಅವನ ಮಾತು ಸುಳ್ಳಾಗಲಿಲ್ಲ. ಸೈಕಲ್ಲು ಕೆಡಲಿಲ್ಲ. ಧೂಳಿನಲ್ಲಿ ಓಡಿತು, ಕಲ್ಲುಕ್ವಾರಿಯ ದಾರಿಯಲ್ಲಿ ಓಡಿತು, ಮಳೆಯ ಕೆಸರಿನಲ್ಲಿ ಓಡಿತು. ಕರಕರ ಇಲ್ಲ, ಕಿರಿಕಿರಿ ಇಲ್ಲ. ಏರು ಬಂದರೆ ಎದ್ದು ನಿಂತು ತುಳಿಯುವುದು, ಆಗದಿದ್ದರೆ ಇಳಿದು ತಳ್ಳುವುದು. ಮೊದಲ ವಾರ ನನಗೆ ಹುರುಪೋ ಹುರುಪು. ಕ್ವಾರಿಯ ಅಂಚಿನವರೆಗೆ ಹೋಗಿ ಕೆಂಪು ಕಲ್ಲಿನ ಗುಂಡಿಯಲ್ಲಿ ನಿಂತ ನೀರನ್ನು ನೋಡಿ ಬರುತ್ತಿದ್ದೆ. "ಎಷ್ಟ್ ನೀರು ನಿಂತೈತಿ" ಎಂದು ಬಾಯಿಗೆ ಬರುತ್ತಿತ್ತು. ಪಕ್ಕದಲ್ಲಿ ಯಾರು ಕೇಳಬೇಕು?

ಬರುವಾಗ ಅಂಗಡಿಯ ಮುಂದಿನಿಂದಲೇ ದಾರಿ. "ಹೆಂಗೈತ್ರಿ ಗಾಡಿ?" ಎಂದು ಅವನು ಒಳಗಿನಿಂದ ಕೂಗುತ್ತಿದ್ದ. "ಚೊಲೊ ಐತಿ" ಎನ್ನುತ್ತಿದ್ದೆ. ಅಷ್ಟೇ. ಚೆನ್ನಾಗಿರುವುದರ ಬಗ್ಗೆ ಇನ್ನೇನು ಮಾತಾಡುವುದು? ಸ್ಟೂಲಿನ ಮೇಲೆ ಬೇರೆ ಯಾರೋ ಗಿರಾಕಿ, ಮುಂದೆ ಬೋರಲು ಬಿದ್ದ ಬೇರೆ ಯಾರದೋ ಸೈಕಲ್ಲು. ಸುಮ್ಮನೆ ಇಳಿದು ಕೂರಲು ನನಗೆ ಕಾಲು ಬರಲಿಲ್ಲ. ಗಿರಾಕಿಯಾದರೆ ಅಂಗಡಿಗೆ ಹೋಗಬಹುದು. ಏನೂ ಕೆಡದವನು ಹೋಗಿ ನಿಂತರೆ, ಅವನು ಕೆಲಸ ಬಿಟ್ಟು ಏನ್ರಿ ಎಂದು ಕೇಳಿದರೆ, ಏನೆಂದು ಹೇಳಬೇಕು? ಮನೆಯಲ್ಲಿ ಯಾರೂ ಇಲ್ಲ, ಅದಕ್ಕೆ ಬಂದೆ ಅನ್ನಲೇ? ಐವತ್ತು ದಾಟಿದ ಗಂಡಸು ಆಡುವ ಮಾತೇ ಅದು? ಹಾಗಾಗಿ ಮುಂದೆ ತುಳಿದುಕೊಂಡು ಮನೆಗೆ ಹೋಗುತ್ತಿದ್ದೆ. ಮತ್ತೆ ಅದೇ ಬೀಗ, ಅದೇ ಆರರಿಂದ ಎಂಟು. ಮತ್ತೊಂದು ಸೋಮವಾರ ಬಸ್ಸಿನಲ್ಲಿ ಕೆಮ್ಮಬೇಕಾಯಿತು.

ಅವತ್ತು ಸಂಜೆ ಮನೆಗೆ ಬಂದವನೇ ಪಾನಾ ಹುಡುಕಿ, ಹಿಂದಿನ ಬ್ರೇಕಿನ ತಂತಿ ಹಿಡಿದ ನಟ್ಟನ್ನು ಸಡಿಲ ಮಾಡಿದೆ. ಸೈಕಲ್ಲು ತಳ್ಳಿಕೊಂಡು ಅಂಗಡಿಗೆ ಹೋಗಿ, "ಮಿಸ್ತ್ರಿ, ಬ್ರೇಕ್ ಹಿಡಿಯವಲ್ದು ನೋಡು" ಎಂದೆ. ಅವನು ಅರೆಕ್ಷಣದಲ್ಲಿ ಬಿಗಿ ಮಾಡಿದ. ಆದರೆ ಚಾ ಬಂತು, ಅಣ್ಣನ ಹೆಂಡತಿಯ ಸುದ್ದಿ ಬಂತು, ಎಂಟು ಗಂಟೆ ದಾಟಿತು. ಮನೆಗೆ ಬರುವಾಗ ನಾನು ಸೀಟಿ ಹಾಕುತ್ತಿದ್ದೆ. ರುಚಿ ಕಂಡ ಬೆಕ್ಕು ಸುಮ್ಮನಿರುತ್ತದೆಯೆ? ಕೆಲವು ದಿನ ಬಿಟ್ಟು ಸೀಟು ವಾಲಿತು. ಆಮೇಲೆ ಹ್ಯಾಂಡಲು ಸೊಟ್ಟಗಾಯಿತು. ಆಮೇಲೆ ಎಡಗಡೆಯ ಪೆಡಲು ಅಲುಗಾಡತೊಡಗಿತು.

ಪೆಡಲಿನ ದಿನ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಮಿಸ್ತ್ರಿ ಕುಕ್ಕರಗಾಲಿನಲ್ಲಿ ಕೂತು ಪೆಡಲನ್ನು ತಿರುಗಿಸಿ ನೋಡಿದ. ಬಲ್ಬಿನ ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದ.

"ಇದು ತಾನ ಸಡ್ಲ ಆಗಿಲ್ರಿ."

"ರಸ್ತಾ ಖರಾಬ್ ಐತಲ್ಲೋ, ಕುಲುಕಿ ಕುಲುಕಿ..."

"ಪಾನಾದ ಗುರ್ತು ಐತಿ. ಹೊಸಾದು."

ಓಡಿಹೋಗೋಣವೆಂದರೆ ಸೈಕಲ್ಲು ಅವನ ಕೈಯಲ್ಲಿತ್ತು. ಬೈಯುತ್ತಾನೆ, ಇಲ್ಲ ನಗುತ್ತಾನೆ, ನಾಳೆ ಎಲ್ಲರೆದುರು ಹೇಳಿ ನಗಿಸುತ್ತಾನೆ, ಈ ಸ್ಟೂಲೂ ಇವತ್ತಿಗೆ ಮುಗಿಯಿತು ಎಂದುಕೊಂಡೆ. ಅವನು ಇದ್ಯಾವುದನ್ನೂ ಮಾಡಲಿಲ್ಲ. ಪೆಡಲನ್ನು ಸಾವಕಾಶವಾಗಿ ಬಿಗಿ ಮಾಡಿದ, ಕೈ ಒರೆಸಿಕೊಂಡ, ಎದುರು ಹೋಟೆಲಿನತ್ತ ಎರಡು ಬೆರಳು ತೋರಿಸಿ ಚಾ ಹೇಳಿದ. ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದ.

"ನಾಳಿ ಸೈಕಲ್ ಮನ್ಯಾಗ ಬಿಟ್ಟು ಬರ್ರಿ ಸಾಹೇಬ್ರ. ಹಂಗ ಬರ್ರಿ."

ನಾನು ಪೆಡಲು ನೋಡುವವನಂತೆ ತಲೆ ಬಗ್ಗಿಸಿದೆ. ಕಣ್ಣಲ್ಲಿ ನೀರು ತುಂಬಿ ಎದುರಿಗಿನ ಸೈಕಲ್ಲೇ ಕಾಣದಂತಾಯಿತು. ನಾಚಿಕೆಗಲ್ಲ. ಆಕೆ ಹೋದ ಮೇಲೆ, ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ಗೊತ್ತಾಗುವಷ್ಟು ನನ್ನ ಕಡೆ ಯಾರೂ ನೋಡಿರಲಿಲ್ಲ.