ಹಲಸಿನ ಮರಕ್ಕೆ ಹೇಳುವವರು ಯಾರು?

ಕಳೆದ ಶನಿವಾರ ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಹಿಂಭಾಗದಲ್ಲಿ ಏಳೆಂಟು ಮಂದಿ ವಿದ್ಯಾವಂತರು ಒಂದು ಕುಂಕುಮದ ಬಟ್ಟಲಿನ ಸುತ್ತ ನಿಂತು, ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಬಟ್ಟಲು ನನ್ನ ಮನೆಯದು. ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ.

ಯಾಕೆ ಅಂತೀರಾ? ಹೇಳುತ್ತೇನೆ. ಅದಕ್ಕೆ ಮೊದಲು ಒಂದು ಪದದ ವಿಚಾರ.

ಕಟ್. ಕಾಡುಗೋಡಿಯ ನಮ್ಮ ದಿನ ಶುರುವಾಗುವುದೇ ಅದರಿಂದ. ಎದ್ದರೆ ಕರೆಂಟ್ ಕಟ್. ಬೆಂಡೆಕಾಯಿ ಕಟ್ ಮಾಡಿ ಡಬ್ಬಿ ಕಟ್ಟಿ ಹೊರಟರೆ, ರೋಡ್ ಕಟಿಂಗ್. ಮಾರತ್ತಹಳ್ಳಿ ದಾಟುವಷ್ಟರಲ್ಲಿ ನಾಲ್ಕು ಸಲ ಕಾಲ್ ಕಟ್. ಭಾನುವಾರ ಹೇರ್ ಕಟಿಂಗ್, ಸಂಜೆ ಯಾರದೋ ಮನೆಯಲ್ಲಿ ಕೇಕ್ ಕಟಿಂಗ್. ಆಫೀಸಿನಲ್ಲಿ ಕಾಸ್ಟ್ ಕಟಿಂಗ್ ಎಂದರೆ ಮಾತ್ರ ಎಲ್ಲರೂ ಸ್ವಲ್ಪ ಮೆತ್ತಗಾಗುತ್ತೇವೆ.

ಇಷ್ಟಕ್ಕೆಲ್ಲ ಕನ್ನಡದಲ್ಲಿ ಬೇರೆ ಬೇರೆ ಮಾತಿತ್ತು. ತರಕಾರಿ ಹೆಚ್ಚುವುದು. ರಾಗಿ ಕೊಯ್ಯುವುದು. ಕಬ್ಬು ಕಡಿಯುವುದು. ಸೌದೆ ಸೀಳುವುದು. ಬಟ್ಟೆ ಕತ್ತರಿಸುವುದು. ರೆಂಬೆ ಸವರುವುದು. ಕುಡಿ ಚಿವುಟುವುದು. ಮಾತು ಕೇಳಿದರೆ ಸಾಕು, ಕೈಯಲ್ಲಿರುವುದು ಈಳಿಗೆಮಣೆಯೋ ಕುಡುಗೋಲೋ ಮಚ್ಚೋ ಬರೀ ಉಗುರೋ ಗೊತ್ತಾಗುತ್ತಿತ್ತು. ನಮ್ಮಜ್ಜಿ ಈ ಮಾತುಗಳನ್ನೆಲ್ಲ ಒಂದೇ ದಿನದಲ್ಲಿ ಬಳಸುತ್ತಿದ್ದರು.

ಈ ಅಂಕಣಕ್ಕೆ ಹೀಗೆ ಬರೆದ ಮೇಲೆ ಅನುಮಾನ ಬಂತು. ಇದು ನಿಜವಾಗಿ ಅಜ್ಜಿಯ ಮಾತೋ, ಅಥವಾ ಎಂ.ಎ. ಓದುವಾಗ ಕಲಿತದ್ದನ್ನು ನಾನೇ ಅವರ ಬಾಯಿಗೆ ಹಾಕಿದೆನೋ? (ನನ್ನ ನೆನಪು ತುಂಬ ಉದಾರಿ. ಇಲ್ಲದ್ದನ್ನೂ ಕೊಟ್ಟುಬಿಡುತ್ತದೆ.) ತಮ್ಮನಿಗೆ ಫೋನ್ ಮಾಡಿದೆ.

“ಅಜ್ಜಿ ಎಲ್ಲದಕ್ಕೂ ಕುಯ್ಯಿ ಅಂತಿದ್ರು ಕಣಕ್ಕ. ನಿನ್ನ ಕಾಲಂಗೋಸ್ಕರ ಅವ್ರಿಗೆ ಡಿಗ್ರಿ ಕೊಡಿಸ್ಬೇಡ” ಅಂದ. ಮರುಮಾತಾಡುವಷ್ಟರಲ್ಲಿ ಕಾಲ್ ಕಟ್.

ಇರಲಿ. ಈಗ ಮರಕ್ಕೆ ಬರೋಣ.

ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಒಂದು ಹಲಸಿನ ಮರವಿದೆ. ಈ ಜಾಗ ಇನ್ನೂ ಹೊಲವಾಗಿದ್ದಾಗಿನದು ಎನ್ನುತ್ತಾರೆ. ಅದರ ಬೇರು ತಳ್ಳಿ, ನೆಲದಡಿಯ ನೀರಿನ ಸಂಪಿನ ಗೋಡೆ ಬಿರುಕು ಬಿಟ್ಟಿದೆ. ದುಡ್ಡು ಕೊಟ್ಟು ತರಿಸಿದ ಟ್ಯಾಂಕರ್ ನೀರು ಮಣ್ಣು ಸೇರುತ್ತಿದೆ. ಬೇಸಿಗೆಯಲ್ಲಿ ಇದು ಸಣ್ಣ ವಿಷಯವಲ್ಲ. ಸೆಕ್ರೆಟರಿ ಶ್ರೀನಾಥ್ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಪೋಲ್ ಹಾಕಿದರು: ಟ್ರೀ ಕಟಿಂಗ್, ಯೆಸ್ ಆರ್ ನೋ. ಹೆಚ್ಚಿನವರು ಯೆಸ್ ಒತ್ತಿದರು. ನಾನೂ ಒತ್ತಿದೆ. ಒಲೆಯ ಮೇಲೆ ಹಾಲಿತ್ತು, ಎಡಗೈಯಲ್ಲಿ ಒತ್ತಿದೆ. ಸೌಟು ಕೆಳಗಿಡುವ ಅಗತ್ಯವೂ ಬೀಳಲಿಲ್ಲ.

ಅನುಮತಿಯೂ ಬಂತು. ಶನಿವಾರ ಮುನಿರಾಜು ಬಂದರು. ಇದೇ ಊರಿನವರು, ಮರ ಕಡಿಸುವ ಕಂಟ್ರಾಕ್ಟರ್. ಸ್ವಂತ ಪಿಕಪ್ ಗಾಡಿ, ಎರಡು ಮಿಷನ್ ಗರಗಸ, ಕೊರಳಲ್ಲಿ ದಪ್ಪನೆಯ ಚೈನು. ಮರದ ಸುತ್ತ ಒಂದು ಸುತ್ತು ಬಂದು, ಯಾರ ಮನೆಯಿಂದಾದರೂ ಅರಿಶಿನ ಕುಂಕುಮ ತನ್ನಿ ಎಂದರು. ನಾನು ತಂದೆ. ಅವರೇ ಪೂಜೆ ಮಾಡುತ್ತಾರೆಂದುಕೊಂಡಿದ್ದೆವು. ಅವರು ಬಟ್ಟಲನ್ನು ಸಂಪಿನ ಮುಚ್ಚಳದ ಮೇಲಿಟ್ಟು ಕೈಕಟ್ಟಿ ನಿಂತರು.

“ಮಿಷನ್ನು ನಾನೇ ಇಡೀತೀನಿ ಸಾರ್. ಮರಕ್ಕೆ ಕುಂಕುಮ ಇಕ್ಕಿ, ನಿನ್ನ ಕಡೀತಾ ಇದೀವಿ, ತಪ್ಪು ನಮ್ದು ಅಂತ ಮನೆಯೋರು ಒಬ್ರು ಬಾಯ್ಬುಟ್ಟು ಯೋಳ್ಬೇಕು. ಆಮೇಲೇ ನಾನು ಮುಟ್ಟೋದು.”

ಶ್ರೀನಾಥ್ ನಕ್ಕರು. ಮೀಟಿಂಗ್‌ನಲ್ಲಿ ಪಾಸಾಗಿದೆ ಕಣ್ರೀ, ಪರ್ಮಿಷನ್ ಲೆಟರ್ ಇದೆ, ಇನ್ನೇನು ಬೇಕು ಎಂದರು.

“ಅದ್ನ ಮರಕ್ಕೇ ಓದಿ ಯೋಳಿ ಸಾರ್.”

ನೀವೇ ಹೇಳಿಬಿಡಿ, ನಿಮಗೆ ಅಭ್ಯಾಸ ಇರುತ್ತಲ್ಲ ಎಂದು ಶ್ರೀನಾಥ್ ಪುಸಲಾಯಿಸಿ ನೋಡಿದರು.

“ನಾನ್ಯಾಕೆ ಯೋಳ್ಲಿ? ಸಂಪು ನಿಮ್ದು, ನೀರು ನಿಮ್ದು. ನಮ್ಮಪ್ಪನ ಕಾಲದಿಂದ್ಲೂ ಇಂಗೇಯ. ಯೋಳೋರು ಇಲ್ದಿದ್ರೆ ನಾವು ಕೊಡ್ಲಿ ಎತ್ತಲ್ಲ.”

ಆಮೇಲಿನದನ್ನು ನೀವು ನೋಡಬೇಕಿತ್ತು. ಖಜಾಂಚಿ ರೇವತಿಗೆ ಕುಕ್ಕರ್ ಇಟ್ಟು ಬಂದದ್ದು ನೆನಪಾಯಿತು. ಒಬ್ಬರಿಗೆ ಸೂತಕ. ಇನ್ನೊಬ್ಬರು ತಾವು ಬಾಡಿಗೆಯವರು, ಓನರ್ ಹೇಳಿದರೆ ಸರಿ ಎಂದರು. ಇವೆಲ್ಲ ಮೂಢನಂಬಿಕೆ ಎಂದು ಒಬ್ಬರು ಇಂಗ್ಲಿಷಿನಲ್ಲಿ ವಿವರಿಸಿದರು. ಹಾಗಾದರೆ ನೀವೇ ಹೇಳಿಬಿಡಿ ಎಂದರೆ ಎರಡು ಹೆಜ್ಜೆ ಹಿಂದೆ ಸರಿದರು. ಕೊನೆಗೆ ಶ್ರೀನಾಥ್ ನನ್ನ ಕಡೆ ತಿರುಗಿದರು. “ಮೇಡಂ, ಪೇಪರಲ್ಲಿ ಬರೀತೀರಾ, ಒಂದ್ ಸೆಂಟೆನ್ಸ್ ಹೇಳಕ್ಕೇನು?”

ಹೌದಲ್ಲ, ಒಂದು ಸಾಲು. ವಾರವಾರ ನಿಮ್ಮ ಮುಂದೆ ಪುಟಗಟ್ಟಲೆ ಹೇಳುವವಳಿಗೆ ಒಂದು ಸಾಲು ಕಷ್ಟವೇ?

ಬಟ್ಟಲು ತೆಗೆದುಕೊಂಡು ಹೋದೆ. ಕಾಂಡಕ್ಕೆ ಕೈ ಇಟ್ಟೆ. ಒರಟು. ನನ್ನ ಕಣ್ಣಿನ ಮಟ್ಟದಲ್ಲೇ ಹೆಬ್ಬೆರಳು ಗಾತ್ರದ ಮಿಡಿಗಳು ಅಂಟಿಕೊಂಡಿದ್ದವು. ದಿನಾ ಇಲ್ಲೇ ಕಾರು ನಿಲ್ಲಿಸುವ ನಾನು ಅವನ್ನು ಅದೇ ಮೊದಲು ನೋಡಿದ್ದು. ಪೋಲ್‌ನಲ್ಲಿ ಮಿಡಿ ಇರಲಿಲ್ಲ. ಬಾಯಿ ತೆರೆದೆ. ‘ನಿನ್ನ’ ಎಂಬಲ್ಲಿಗೆ ನಿಂತಿತು.

“ಆಗಲ್ಲ. ನಾನು ಹೇಳಲ್ಲ, ಕಡಿಯೋಕೂ ಬಿಡಲ್ಲ” ಎಂದೆ. (ಇಷ್ಟು ಪೂರ್ತಿ ಅಂದೆನೋ, ಬರೀ ‘ಆಗಲ್ಲ’ ಅಂದೆನೋ, ಈಗ ಪ್ರಮಾಣ ಮಾಡಲಾರೆ. ನಾನು ಕಿರುಚಿದೆ ಎನ್ನುತ್ತಾರೆ ಶ್ರೀನಾಥ್. ಅವರ ನೆನಪನ್ನೂ ಪೂರ್ತಿ ನಂಬಬೇಕಿಲ್ಲ.)

ಮುನಿರಾಜು ಬೇಸರಪಡಲಿಲ್ಲ. ಬ್ರೂಕ್‌ಫೀಲ್ಡ್‌ನಲ್ಲಿ ಇನ್ನೊಂದು ಕೆಲಸವಿದೆ, ಯೋಳೋರು ಸಿಕ್ಕಾಗ ಕರೀರಿ ಎಂದು ಗಾಡಿ ಹತ್ತಿದರು. ಮರ ನಿಂತಿತು. ಸಂಪು ಸೋರುತ್ತಲೇ ಇತ್ತು.

ಸೋರುವ ಸಂಪಿನ ಮುಂದೆ ಮರದ ಬಗ್ಗೆ ಭಾವುಕಳಾಗುವುದು ಸುಲಭ ಎಂದು ನನಗೂ ಗೊತ್ತು. ಮರುದಿನ ಬೆಳಿಗ್ಗೆ ನನ್ನನ್ನೇ ಕೇಳಿಕೊಂಡೆ: ಮಿಡಿ ಕಾಣದಿದ್ದರೆ ಹೇಳಿಬಿಡುತ್ತಿದ್ದೆಯಾ? ಉತ್ತರ ಹಿತವಾಗಿರಲಿಲ್ಲ. ನಮ್ಮ ಬಾಯಿಗೆ ‘ಕಟ್’ ಇಷ್ಟು ರುಚಿಸುವುದು ಇದಕ್ಕೇ ಇರಬೇಕು. ಕರೆಂಟ್ ಕಟ್ ಆಗುತ್ತದೆ, ಸಂಬಳ ಕಟ್ ಆಗುತ್ತದೆ, ಮರವೂ ಕಟ್ ಆಗುತ್ತದೆ. ಯಾರೂ ಮಾಡುವುದಿಲ್ಲ. ಎದುರು ನಿಂತು ‘ನಿನ್ನ ಕಡಿಯುತ್ತಿದ್ದೇವೆ’ ಎನ್ನಲು ಮಾತ್ರ ಒಬ್ಬ ಮನುಷ್ಯ ಬೇಕು.

ಹಾಗಾಗಿ ಬರೀ ‘ಆಗಲ್ಲ’ ಎಂದು ಸುಮ್ಮನಾಗುವ ಹಾಗಿರಲಿಲ್ಲ. ಗಾರೆ ಮೇಸ್ತ್ರಿಯನ್ನು ಕರೆಸಿದೆ. ಸಂಪಿನ ಆ ಮೂಲೆ ಒಡೆದು, ಗೋಡೆಯನ್ನು ಮರದಿಂದ ದೂರ ಕಟ್ಟಿ, ಕಡಿಮೆಯಾದಷ್ಟು ಜಾಗವನ್ನು ಇನ್ನೊಂದು ಪಕ್ಕಕ್ಕೆ ಬೆಳೆಸಬಹುದು ಎಂದರು. ಆ ಪಕ್ಕದಲ್ಲಿ ಒಂದು ಕಾರಿನ ಜಾಗ ಹೋಗುತ್ತದೆ. ಯಾರು ಬಿಡುತ್ತಾರೆ ಎಂದು ಶ್ರೀನಾಥ್ ಕೇಳಿದರು. ಕೇಳಿದ್ದು ನ್ಯಾಯವೇ. ನನ್ನದು ತೆಗೆದುಕೊಳ್ಳಿ ಎಂದೆ. ನಾಳೆಯ ನೆನಪಿನಲ್ಲಿ ನಾನು ಜಾರಿಕೊಳ್ಳದಿರಲಿ ಎಂದೇ ಇಲ್ಲಿ ಅಚ್ಚು ಹಾಕಿಸುತ್ತಿದ್ದೇನೆ. ನನ್ನ ಕಾರು ಇನ್ನು ರಸ್ತೆಯಲ್ಲಿ ಧೂಳು ತಿನ್ನಲಿ.

ಆದರೂ ಕೆಲವರಿಗೆ ಮರ ಹೋಗುವುದೇ ಸಲೀಸು ಅನಿಸಿದೆ. ಈ ಭಾನುವಾರಕ್ಕೆ ಮುಗಿಯುವಂತೆ ಮತ್ತೆ ಅದೇ ಪೋಲ್ ಹಾಕಿದ್ದಾರೆ. ಅದರ ಕೆಳಗೆ ನಾನು ಒಂದೇ ಒಂದು ಸಾಲು ಬರೆದಿದ್ದೇನೆ: ಯೆಸ್ ಒತ್ತುವವರೇ, ಕುಂಕುಮದ ಬಟ್ಟಲು ನನ್ನ ಮನೆಯಲ್ಲಿದೆ, ಎಷ್ಟು ಗಂಟೆಗೆ ಬರುತ್ತೀರಿ?